ಕೈಮೇಲೆ ಬಿದ್ದ ಹನಿ

ಕೊಕ್ಕೆಹುಳು ಸುಮಾರು ಒಂದು ಸೆಂಟಿಮೀಟರ್ ಉದ್ದದ ಜೀವಿ. ಸಣ್ಣ ಕರುಳಿನ ಗೋಡೆ ಕಚ್ಚಿಕೊಂಡು ರಕ್ತ ಹೀರುತ್ತದೆ. ನೂರಾರು ಹುಳು ಸೇರಿದರೆ ಗಟ್ಟಿಮುಟ್ಟಾದ ಆಳೂ ಬಿಳಿಚಿಕೊಂಡು ಏದುಸಿರು ಬಿಡುತ್ತಾನೆ. 1880ರ ಹೊತ್ತಿಗೆ ಆಲ್ಪ್ಸ್‌ನ ಸೇಂಟ್ ಗೊಥಾರ್ಡ್ ಸುರಂಗ ಕೊರೆಯುತ್ತಿದ್ದ ಇಟಲಿಯ ಕೂಲಿಗಳು ಹೀಗೆಯೇ ಸೊರಗಿದ್ದರು. ಹುಳು ಬಾಯಿಯ ಮೂಲಕವೇ ಹೊಟ್ಟೆ ಸೇರುತ್ತದೆ ಎಂಬುದು ವೈದ್ಯರ ನಂಬಿಕೆ. ಅದನ್ನು ಕೆಡವಿದವರು ಜರ್ಮನಿಯ ಆರ್ಥರ್ ಲೂಸ್.

1861ರಲ್ಲಿ ಕೆಮ್ನಿಟ್ಸ್‌ನಲ್ಲಿ ಹುಟ್ಟಿದ ಲೂಸ್, ಲೈಪ್‌ಜಿಗ್‌ನಲ್ಲಿ ಹುಳುಶಾಸ್ತ್ರದ ದಿಗ್ಗಜ ರುಡಾಲ್ಫ್ ಲ್ಯುಕಾರ್ಟ್ ಅವರ ಗರಡಿಯಲ್ಲಿ ಪಳಗಿದವರು. 1893ರಲ್ಲಿ ಈಜಿಪ್ಟಿಗೆ ಹೋದದ್ದು ಬಿಲ್‌ಹಾರ್ಜಿಯಾ ಎಂಬ ಇನ್ನೊಂದು ಪರಾವಲಂಬಿ ಹುಳುವಿನ ಜಾಡು ಹಿಡಿಯಲು. ಮುಂದೆ ಕೈರೋದ ವೈದ್ಯಕೀಯ ಶಾಲೆಯಲ್ಲಿ ಪ್ರಾಧ್ಯಾಪಕರಾದರು.

ಅಲ್ಲಿ ಒಮ್ಮೆ ಗಿನಿಪಿಗ್‌ಗಳಿಗೆ ಕೊಕ್ಕೆಹುಳುವಿನ ಮರಿಗಳನ್ನು ಕುಡಿಸುತ್ತಿದ್ದಾಗ ಒಂದು ಹನಿ ಅವರ ಕೈಮೇಲೆ ಬಿತ್ತು. ಬಿದ್ದ ಜಾಗ ಉರಿಯತೊಡಗಿ ಕೆಂಪಾಯಿತು. ಬೇರೆಯವರಾದರೆ ಒರೆಸಿಕೊಂಡು ಸುಮ್ಮನಾಗುತ್ತಿದ್ದರೇನೋ. ಲೂಸ್ ಅದೇ ಜಾಗಕ್ಕೆ ಇನ್ನೊಂದು ಹನಿ ಹಾಕಿಕೊಂಡರು. ಉರಿ ಮರುಕಳಿಸಿತು. ಚರ್ಮದ ಮೇಲಿನ ತೇವವನ್ನು ಕೆರೆದು ಸೂಕ್ಷ್ಮದರ್ಶಕದಡಿ ನೋಡಿದರೆ ಮರಿಗಳು ಕಳಚಿಟ್ಟ ಪೊರೆಗಳಷ್ಟೇ ಬಹುಪಾಲು ಉಳಿದಿದ್ದವು. ಕೆಲವು ವಾರಗಳ ಬಳಿಕ ಅವರ ಮಲದಲ್ಲೇ ಮೊಟ್ಟೆಗಳು ಕಾಣಿಸಿದವು.

1898ರಲ್ಲಿ ಇದನ್ನು ಪ್ರಕಟಿಸಿದಾಗ ಅನೇಕರು ಒಪ್ಪಲಿಲ್ಲ. ಆಗ ಲೂಸ್, ಕಾಲು ಕತ್ತರಿಸಬೇಕಾಗಿದ್ದ ಹುಡುಗನೊಬ್ಬನ ಕಾಲಿನ ಮೇಲೆ ಶಸ್ತ್ರಚಿಕಿತ್ಸೆಗೆ ಒಂದು ಗಂಟೆ ಮುಂಚೆ ಮರಿಗಳನ್ನು ಬಿಟ್ಟು, ಬೇರ್ಪಟ್ಟ ಚರ್ಮವನ್ನು ತೆಳ್ಳಗೆ ಕೊಯ್ದು ನೋಡಿದರು. ಮರಿಗಳು ಒಳಸೇರಿದ್ದವು. ಇಂದು ಇಂಥ ಪ್ರಯೋಗಕ್ಕೆ ಅಷ್ಟು ಸುಲಭವಾಗಿ ಅನುಮತಿ ಸಿಗದು. ನಾಯಿಗಳ ಮೇಲಿನ ಪ್ರಯೋಗಗಳು ಉಳಿದ ದಾರಿಯನ್ನು ತೋರಿಸಿದವು: ರಕ್ತದ ಜೊತೆ ಹೃದಯ, ಶ್ವಾಸಕೋಶ, ಅಲ್ಲಿಂದ ಗಂಟಲಿಗೆ ಏರಿ, ನುಂಗಿದಾಗ ಕರುಳು. ಬರಿಗಾಲಿನಲ್ಲಿ ದುಡಿಯುವವರಿಗೇ ಈ ರೋಗ ಏಕೆ ಹೆಚ್ಚು ಎಂಬುದಕ್ಕೆ ಉತ್ತರ ಸಿಕ್ಕಿತ್ತು.

ಆದರೆ ಈ ಗೆಲುವೇ ಅವರ ದಾರಿ ತಪ್ಪಿಸಿತೆನ್ನಬೇಕು. ಬಿಲ್‌ಹಾರ್ಜಿಯಾ ಕೂಡ ಮೊಟ್ಟೆಯೊಡೆದ ಕೂಡಲೇ ನೇರವಾಗಿ ಮನುಷ್ಯನ ಚರ್ಮ ಕೊರೆಯುತ್ತದೆ, ನಡುವೆ ಬೇರೆ ಜೀವಿ ಬೇಕಿಲ್ಲ ಎಂದು ಅವರು ಪಟ್ಟು ಹಿಡಿದರು. 1913ರಲ್ಲಿ ಜಪಾನಿನ ಮಿಯೈರಿ ಮತ್ತು ಸುಜುಕಿ, ಅಲ್ಲಿನ ಬಿಲ್‌ಹಾರ್ಜಿಯಾ ಹುಳು ಬಸವನಹುಳುವಿನೊಳಗೆ ಬೆಳೆಯುವುದನ್ನು ತೋರಿಸಿದರು. 1914ರಲ್ಲಿ ಯುದ್ಧ ಶುರುವಾಗಿ, ಬ್ರಿಟಿಷರ ಹಿಡಿತದಲ್ಲಿದ್ದ ಈಜಿಪ್ಟಿನಲ್ಲಿ ಜರ್ಮನ್ ಪ್ರಾಧ್ಯಾಪಕರಿಗೆ ಜಾಗವಿಲ್ಲವಾಯಿತು. ಮರುವರ್ಷವೇ ಬ್ರಿಟನ್ನಿನ ರಾಬರ್ಟ್ ಲೈಪರ್, ಕೈರೋ ಸಮೀಪದ ಎಲ್ ಮಾರ್ಗ್‌ನ ನೀರಿನಲ್ಲಿದ್ದ ಬಸವನಹುಳುಗಳಲ್ಲಿ ಈಜಿಪ್ಟಿನ ಬಿಲ್‌ಹಾರ್ಜಿಯಾವನ್ನೂ ಪತ್ತೆಹಚ್ಚಿದರು. ಬಸವನಹುಳುವಿನಿಂದ ಹೊರಬಂದ ಮರಿ ಚರ್ಮವನ್ನೇ ಕೊರೆದು ಒಳಹೋಗುತ್ತದೆ; ಅಷ್ಟರ ಮಟ್ಟಿಗೆ ಲೂಸ್ ಹೇಳಿದ್ದು ಸರಿಯಾಗಿತ್ತು. ಅವರು 1923ರಲ್ಲಿ ಜರ್ಮನಿಯ ಗೀಸನ್‌ನಲ್ಲಿ ತೀರಿಕೊಂಡರು.