ಬಾಗಿಲ ಚೌಕಟ್ಟಿನ ಬಣ್ಣ

ಹಬ್ಬ ಹತ್ತಿರ ಬಂದಿತೆಂದರೆ ಮನೆಗೆ ‘ಸುಣ್ಣ-ಬಣ್ಣ’ ಮಾಡಿಸಬೇಕೆಂದು ಎಲ್ಲರೂ ಹೇಳುವುದುಂಟು. ಎರಡನ್ನೂ ಒಂದೇ ಉಸಿರಿನಲ್ಲಿ ನುಡಿಯುವುದರಿಂದ ಅವೆರಡೂ ಒಂದೇ ಕೆಲಸವೆಂಬ ಭಾವನೆ ಬೆಳೆದುಬಿಟ್ಟಿದೆ. ಆದರೆ ಹಳೆಯ ಮನೆಗಳಲ್ಲಿ ಇವಕ್ಕೆ ಬೇರೆ ಬೇರೆ ಎಡೆಗಳಿದ್ದವು. ಸುಣ್ಣ ಗೋಡೆಗೆ, ಬಣ್ಣ ಮರಕ್ಕೆ, ಎಂದರೆ ಬಾಗಿಲ ಚೌಕಟ್ಟು, ಕಿಟಕಿಯ ಅಂಚುಪಟ್ಟಿ, ಕಂಬ, ಬೋದಿಗೆಗಳಿಗೆ. ಗೋಡೆಯ ಸುಣ್ಣಕ್ಕೆ ನೀರು ಸಾಕು. ಮರದ ಬಣ್ಣಕ್ಕೆ ಎಣ್ಣೆ ಬೇಕು. ಈ ಎಣ್ಣೆಯ ಜಾಡು ಹಿಡಿದು ಹೊರಟರೆ ರಾಯಚೂರು ಸೀಮೆಯ ಚರಿತ್ರೆಯ ಒಂದು ಭಾಗವೇ ಮನೆಬಾಗಿಲಲ್ಲಿ ಕಾಣಸಿಗುತ್ತದೆ.

ಕೃಷ್ಣಾ-ತುಂಗಭದ್ರೆಗಳ ನಡುವಣ ಈ ನಾಡು ಮುಖ್ಯವಾಗಿ ಕಲ್ಲಿನ ನಾಡು. ಕೃಷ್ಣೆಯ ಕಡೆಗೆ ದೇವದುರ್ಗ, ತುಂಗಭದ್ರೆಯ ಕಡೆಗೆ ಮಾನ್ವಿ, ನಡುವೆ ರಾಯಚೂರು. ರಾಯಚೂರ ಕೋಟೆಯ ಹೆಬ್ಬಂಡೆಯೊಂದರ ಮೇಲೆ 1294ರ ಶಾಸನವಿದೆ. ಅದೇ ಕೋಟೆಯ ಒಂದು ದ್ವಾರಕ್ಕೆ ‘ನವರಂಗಿ ದರವಾಜ’ ಎಂದು ಹೆಸರು. ಒಂಬತ್ತು ಬಣ್ಣದ ಬಾಗಿಲು ಎಂದು ಅದರ ಅರ್ಥ. ಕಲ್ಲಿನ ಬಾಗಿಲಿಗೆ ಬಣ್ಣ ಅಂದಕ್ಕೆ ಮಾತ್ರ ಬೇಕು. ಆದರೆ ಮರದ ಬಾಗಿಲಿಗೆ ಅದು ಪ್ರಾಣರಕ್ಷಣೆಯ ಕವಚ. ಬೇಸಗೆಯಲ್ಲಿ 40 ಡಿಗ್ರಿ ಮೀರುವ ಬಿಸಿಲಿಗೆ ಮರ ಒಣಗಿ ಕುಗ್ಗುತ್ತದೆ. ಮಳೆ ಬಿದ್ದೊಡನೆ ಹಿಗ್ಗುತ್ತದೆ. ಕೂಡುಗಳಲ್ಲಿ ಬಿರುಕು ಬಿಟ್ಟರೆ ಅಲ್ಲಿ ನೀರು ಇಳಿಯುತ್ತದೆ, ನೀರಿನ ಹಿಂದೆಯೇ ಗೆದ್ದಲು. ಬಯಲುಸೀಮೆಯಲ್ಲಿ ಬೇವು, ಜಾಲಿ ಸಿಕ್ಕಾವು. ಒಳ್ಳೆಯ ತೇಗ ದೂರದಿಂದಲೇ ಬರಬೇಕು. ಆದುದರಿಂದ ಒಮ್ಮೆ ನಿಲ್ಲಿಸಿದ ಚೌಕಟ್ಟು ಮೂರು ತಲೆಮಾರಾದರೂ ಬಾಳಬೇಕು.

ಎಣ್ಣೆ ಎಂದ ಮಾತ್ರಕ್ಕೆ ಎಲ್ಲವೂ ಈ ಕೆಲಸಕ್ಕೆ ಬಾರವು. ಶೇಂಗಾ ಎಣ್ಣೆ ಬಳಿದರೆ ಮರ ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆಯ ಗುಣವೇ ಬೇರೆ. ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿ ತೆಳುವಾದ, ಗಟ್ಟಿಯಾದ ಪೊರೆಯಾಗುತ್ತದೆ. ಕುಸುಬೆ ಎಣ್ಣೆಯನ್ನು ಬಹಳ ಹೊತ್ತು ಕಾಯಿಸಿದರೆ ಅದೂ ಮಂದವಾಗಿ ಅಂಟಿನಂತಾಗುವುದು. ಇದನ್ನೇ ‘ರೋಗನ್’ ಎನ್ನುವರು. ಅಗಸೆ, ಕುಸುಬೆ ಎರಡೂ ಎರೆಭೂಮಿಯ ಹಿಂಗಾರಿ ಬೆಳೆಗಳು. ಗಾಣದ ಎಣ್ಣೆಗೆ ಕೆಮ್ಮಣ್ಣು ಬೆರೆಸಿದರೆ ಆಯಿತು, ಬಣ್ಣ ಸಿದ್ಧ. ಕೆಮ್ಮಣ್ಣಿನ ಕೆಂಪೆಂದರೆ ಕಬ್ಬಿಣದ ತುಕ್ಕೇ; ಬಿಸಿಲಿಗೆ ಅದು ಮಾಸುವುದಿಲ್ಲ. ಬಾಗಿಲಿಗೆ ಬೇಕಾದ ಬಣ್ಣ ಹೀಗೆ ಹೊಲದಿಂದಲೂ ನೆಲದಿಂದಲೂ ಹುಟ್ಟಬಲ್ಲದಾಗಿತ್ತು.

ಬಣ್ಣಕ್ಕಿಂತ ತಳ ಮುಖ್ಯವೆಂಬ ಪಾಠವೂ ದೂರದ್ದಲ್ಲ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವವರೆಗೂ ರಾಯಚೂರು ಜಿಲ್ಲೆಗೇ ಸೇರಿದ್ದ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗೆ ನೇರವಾಗಿ ಬಣ್ಣ ಬಳಿಯುವುದಿಲ್ಲ. ಹುಣಿಸೆ ಬೀಜದ ಅಂಟು, ಕಲ್ಲಿನ ಪುಡಿಗಳಿಂದ ಮೊದಲು ತಳ ಕಟ್ಟುತ್ತಾರೆ. ಚೌಕಟ್ಟಿನ ಮೊಳೆಗುಂಡಿ, ಬಿರುಕುಗಳಿಗೆ ಅಗಸೆ ಎಣ್ಣೆಯಲ್ಲಿ ನಾದಿದ ಸೀಮೆಸುಣ್ಣದ ಲಪ್ಪ ತುಂಬುವುದೂ ಇದೇ ಬುದ್ಧಿಯ ಕೆಲಸ.

1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುಮಾರ್ಗವೂ ಮದರಾಸಿನ ಮಾರ್ಗವೂ ರಾಯಚೂರಿನಲ್ಲಿ ಕೂಡಿದುವು. ನಿಜಾಮರ ಆಳ್ವಿಕೆಯ ಈ ಊರು ಎರಡು ಬಂದರುಗಳ ನಡುವಣ ಕೊಂಡಿಯಾಯಿತು. ಹಸಿರು, ನೀಲಿ, ಬಿಳಿಯ ಡಬ್ಬಿಬಣ್ಣಗಳಿಗೆ ದಾರಿ ತೆರೆಯಿತು. 1902ರಲ್ಲಿ ಕಲ್ಕತ್ತೆಯ ಬಳಿಯ ಹೌರಾದಲ್ಲಿ ಶಾಲಿಮಾರ್ ಕಾರ್ಖಾನೆ, 1942ರಲ್ಲಿ ಮುಂಬಯಿಯಲ್ಲಿ ಏಷ್ಯನ್ ಪೇಂಟ್ಸ್ ಆರಂಭವಾದುವು.

ಡಬ್ಬಿಯೊಡನೆ ಸೀಸವೂ ಮನೆಯೊಳಗೆ ಕಾಲಿಟ್ಟಿತು. ಸಫೇದಾ ಎಂಬ ಬಿಳಿಯ ಪುಡಿ, ಸಿಂಧೂರವೆಂಬ ಕೆಂಪು ಪುಡಿ, ಎರಡೂ ಸೀಸದ ಮಕ್ಕಳೇ. ಸೀಸ ಬೆರೆತರೆ ಬಣ್ಣ ಬೇಗ ಒಣಗುವುದು, ಬಹುಕಾಲ ಬಾಳುವುದು. ಅದಕ್ಕಾಗಿಯೇ ಕಾರ್ಖಾನೆಗಳು ಅದನ್ನು ನೆಚ್ಚಿದುವು. ಆದರೆ ಒಣಗಿ ಎದ್ದ ಅದರ ಹಪ್ಪಳೆಯೂ ಧೂಳೂ ಮಕ್ಕಳ ಮಿದುಳಿಗೆ ವಿಷ. ಮನೆಯೊಳಗಿನ ಬಣ್ಣಕ್ಕೆ ಸಫೇದಾ ಸಲ್ಲದೆಂದು 1921ರಲ್ಲೇ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಒಪ್ಪಂದ ಮಾಡಿತ್ತು. ಮನೆಬಣ್ಣದ ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗವನ್ನು ಮೀರಬಾರದೆಂಬ ನಿಯಮ ಭಾರತದಲ್ಲಿ ಬಂದುದು 2016ರಲ್ಲಿ. ಜಾರಿಯಾದುದು 2017ರ ನವೆಂಬರಿನಿಂದ. ನಡುವೆ ಸುಮಾರು ನೂರು ವರ್ಷಗಳೇ ಕಳೆದವು.

ಇತ್ತ ಹೊಲವೂ ಬದಲಾಯಿತು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆ ಮಾನ್ವಿಗೆ ನೀರು ತಂದಿತು. ಮುಂದೆ ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗದ ಕಡೆಗೆ ಹರಿಯಿತು. ನೀರು ಮುಟ್ಟಿದೆಡೆ ಭತ್ತ ನಿಂತಿತು. ಮಳೆಯನ್ನೇ ನಂಬಿದ ಅಗಸೆ, ಕುಸುಬೆಗಳು ಹಿಂದೆ ಸರಿದವು. ರೈತನ ಬಾಳು ಹಸನಾಯಿತು, ಅದು ಸಂತೋಷದ ಮಾತೇ. ಬಾಗಿಲಿನ ಎಣ್ಣೆ ಮಾತ್ರ ಅಂಗಡಿಯ ಪಾಲಾಯಿತು.

ಈಗ ಹಳೆಯ ಮನೆಗಳನ್ನು ಕೆಡವಿದಾಗ ಕೆತ್ತನೆಯ ಚೌಕಟ್ಟುಗಳು ಹೊಸ ಮನೆಗಳನ್ನು ಸೇರುವುದುಂಟು. ಅವನ್ನು ಹೆರೆದು ಹೊಳಪು ಕೊಡುವ ಹುಮ್ಮಸ್ಸಿನಲ್ಲಿ ಯಾವ ಪದರದಲ್ಲಿ ಏನಿದೆಯೆಂದು ಯೋಚಿಸುವವರು ಕಡಿಮೆ. 2017ಕ್ಕೆ ಹಿಂದಿನ ಡಬ್ಬಿಬಣ್ಣವಿದ್ದರೆ ಅದರಲ್ಲಿ ಸೀಸವಿರಬಹುದೆಂದೇ ತಿಳಿಯತಕ್ಕದ್ದು. ಒಣಗಿದ್ದಂತೆಯೇ ಉಜ್ಜಬಾರದು, ಬೆಂಕಿಯಿಂದ ಸುಡಲೇಬಾರದು. ನೀರು ಚಿಮುಕಿಸಿ, ಮೂಗಿಗೆ ಧೂಳು ತಡೆಯುವ ಮುಸುಕು ಹಾಕಿಕೊಂಡು ಹೆರೆಯಬೇಕು. ಮಕ್ಕಳನ್ನೂ ಬಸುರಿಯರನ್ನೂ ದೂರವಿರಿಸಬೇಕು. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಹೆರೆದ ಪುಡಿಯನ್ನು ಅಂಗಳಕ್ಕೆ ಚೆಲ್ಲದೆ ಕಟ್ಟಿಡಬೇಕು.

ಎಲ್ಲವನ್ನೂ ಹೆರೆದ ಮೇಲೆ ಅಡಿಯಲ್ಲಿ ಮರದ ಎಳೆಯೊಳಗೆ ಇಳಿದುಹೋದ ಕಂದುಗೆಂಪು ಸಿಕ್ಕರೆ, ಅದು ಎಣ್ಣೆ ಕುಡಿದ ಕೆಮ್ಮಣ್ಣಿರಬಹುದು. ಬಾಗಿಲ ಹಿಂಬದಿಯಲ್ಲಿ, ತಿರುಗಣಿಯ ಬಳಿ, ಅಂಗೈಯಗಲದಷ್ಟನ್ನು ಹಾಗೆಯೇ ಉಳಿಸಿ, ಉಳಿದೆಡೆಗೆ ಹೊಸ ಬಣ್ಣ ಹಚ್ಚಿಸಬಹುದು. ಮೊಮ್ಮಕ್ಕಳು ಅದೇನೆಂದು ಕೇಳಿದಾಗ ತೋರಿಸಿ ಹೇಳುವುದಕ್ಕೆ ಅಷ್ಟು ಸಾಕು.