ಖಂಡಸ್ಫುಟಿತದ ಬರವಣಿಗೆ

ಅರಸೀಕೆರೆಯ ಪೇಟೆಯಲ್ಲಿ, ಕೊಬ್ಬರಿ ಮಂಡಿಗಳ ಸಾಲಿನ ಹಿಂದೆ, ಹೆಂಚಿನ ಮಾಡಿನ ಒಂದು ಬಾಡಿಗೆ ಮನೆಯಲ್ಲಿ ನಾನು ಏಳು ವರ್ಷ ಸಂಸಾರ ಹೂಡಿದ್ದೆನು. ಮನೆಯನ್ನು ಬಿಟ್ಟು ಹೊರಡುವ ದಿನ ಬೀಗದ ಕೈಯನ್ನು ಒಪ್ಪಿಸಲು ಹೋದಾಗ, ಯಜಮಾನರು ನಡುಮನೆಯ ತೊಲೆಯಲ್ಲಿದ್ದ ಸೀಳೊಂದನ್ನು ತೋರಿಸಿ, "ಇದು ನಿಮ್ಮ ಕಾಲದಲ್ಲಿ ಆದದ್ದು, ರಾಯರೇ" ಎಂದರು. ನಾವು ಬರುವ ಮೊದಲೇ ಅದು ಇದ್ದಿತೆಂದು ನಾನೆಂದೆನು. ಇಬ್ಬರಲ್ಲಿ ಯಾರೂ ಸುಳ್ಳಾಡುವವರಲ್ಲ. ಆದರೆ ನಾವು ಬರೆದುಕೊಂಡಿದ್ದ ಕರಾರುಪತ್ರದಲ್ಲಿ ಮನೆಯ ನಾಲ್ಕು ದಿಕ್ಕುಗಳ ನೆರೆಹೊರೆಯವರ ಹೆಸರಿದ್ದರೂ ತೊಲೆಯ ಮಾತು ಒಂದಕ್ಷರವೂ ಇರಲಿಲ್ಲ. ಮುಂಗಡದ ಹಣದಲ್ಲಿ ಒಂದು ಪಾಲು ಅಲ್ಲಿಯೇ ಉಳಿದುದು ನನ್ನನ್ನು ಅಷ್ಟು ನೋಯಿಸಲಿಲ್ಲ. ಯುಗಾದಿಗೆ ಬೇವುಬೆಲ್ಲ ಹಂಚಿಕೊಂಡ ಎರಡು ಮನೆಗಳು ಅಂದಿನಿಂದ ಮಾತು ಬಿಟ್ಟವಲ್ಲಾ ಎಂಬುದು ಇಂದಿಗೂ ನೋಯಿಸುತ್ತಿದೆ.

ಆ ಬೇಸರದಲ್ಲಿಯೇ ಈ ಸೀಮೆಯ ಶಾಸನಗಳನ್ನು ಮತ್ತೊಮ್ಮೆ ತೆರೆದು ಕುಳಿತೆನು. ಬಿ. ಎಲ್. ರೈಸರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ಐದನೆಯ ಸಂಪುಟವಾಗಿ ಹೊರತಂದರು. ಅದರ ಪುಟಗಳನ್ನು ತಿರುವುವವರಿಗೆ ಮೊದಲು ಕಾಣುವುದು ರಾಜರ ಬಿರುದಾವಳಿಯ ಆಡಂಬರವಾದರೂ, ಅದನ್ನು ದಾಟಿ ಕೆಳಗಿಳಿದರೆ ಕಣ್ಣಿಗೆ ಬೀಳುವುದು ಒಕ್ಕಲಿಗನಿಗೂ ಸೇನಬೋವನಿಗೂ ಬೇಕಾದ ವಿವರ: ಬಿಟ್ಟ ಭೂಮಿಗೆ ಮೂಡಲು ಯಾವ ಕೆರೆಯ ಏರಿ, ತೆಂಕಲು ಯಾವ ಹಳ್ಳ, ಪಡುವಲು ಯಾವ ಮರ, ಬಡಗಲು ಎಲ್ಲಿ ನಟ್ಟ ಕಲ್ಲು. ಈ ಚತುಸ್ಸೀಮೆಯೇ ಇಂದು ನಮ್ಮ ಪತ್ರಬರಹಗಾರರ ಬಾಯಲ್ಲಿ ಚೆಕ್ಕುಬಂದಿಯಾಗಿ ಉಳಿದಿದೆ.

ಆದರೆ ಆ ಶಾಸನಗಳಲ್ಲಿ ಇನ್ನೊಂದು ಪದಪುಂಜವೂ ಮತ್ತೆ ಮತ್ತೆ ಬರುತ್ತದೆ. ಅದನ್ನು ನಾವು ಮರೆತೆವು. ದೇವರ ಅಂಗಭೋಗ, ರಂಗಭೋಗ, ನೈವೇದ್ಯ, ತಪೋಧನರ ಆಹಾರದಾನ ಇವುಗಳ ಜೊತೆಯಲ್ಲಿಯೇ, 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆಂದು ಭೂಮಿಯನ್ನೂ ಸುಂಕದ ಆದಾಯವನ್ನೂ ಬಿಡುತ್ತಿದ್ದರು. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು. ಕಲ್ಲಿನ ಕಟ್ಟಡವೂ ಒಂದು ದಿನ ಬಿರಿಯುವುದೆಂಬುದನ್ನು, ಅದು ಇನ್ನೂ ಹೊಸದಾಗಿ ಹೊಳೆಯುತ್ತಿರುವಾಗಲೇ ಒಪ್ಪಿಕೊಂಡು, ಆ ಬಿರುಕನ್ನು ತುಂಬುವ ವೆಚ್ಚ ಯಾವ ಗದ್ದೆಯ ಹುಟ್ಟುವಳಿಯಿಂದ ಬರಬೇಕೆಂಬುದನ್ನು ಕಟ್ಟಿದವರು ಕಣ್ಣೆದುರಿಗಿರುವಾಗಲೇ ಬರೆದಿಟ್ಟ ಆ ದೂರದೃಷ್ಟಿಗೆ ನಾನು ತಲೆಬಾಗುತ್ತೇನೆ.

ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಗುಡಿಯಲ್ಲಿ ಈ ಜೀರ್ಣೋದ್ಧಾರದ ಪರಂಪರೆ ಬರಹವಾಗಿಯೇ ನಿಂತಿದೆ. ವಿಜಯನಗರದ ಎರಡನೆಯ ಹರಿಹರನ ಅಧಿಕಾರಿಯಾದ ಕಂಪಣ್ಣನು 1381ರಲ್ಲಿ ಒಳಗೆ ನಾಲ್ಕು ಕಂಬಗಳನ್ನು ಆನಿಸಿದನು. ಸುಟ್ಟುಹೋಗಿದ್ದ ಮಹಾದ್ವಾರದ ಗೋಪುರವನ್ನು ಗುಂಡನೆಂಬ ದಂಡನಾಯಕನು 1397ರಲ್ಲಿ ಮತ್ತೆ ಎತ್ತಿಸಿದನು. ಸುಟ್ಟದ್ದು ಯಾರಿಂದ, ಕಟ್ಟಿದ್ದು ಯಾರು ಎಂಬೆರಡನ್ನೂ ಶಾಸನವು ಹೇಳುತ್ತದೆ. ಹೀಗಾಗಿ ಯಾವುದು ಹೊಯ್ಸಳರದು, ಯಾವುದು ಆಮೇಲಿನದು ಎಂಬ ವಿವಾದಕ್ಕೆ ಅಲ್ಲಿ ಎಡೆಯಿಲ್ಲ.

ನನ್ನ ಮನಸ್ಸು ಎಲ್ಲಕ್ಕಿಂತ ಹೆಚ್ಚಾಗಿ ನಿಲ್ಲುವುದು ಹಳೇಬೀಡಿನ 1638ರ ಶಾಸನದ ಮುಂದೆ. ಬೇಲೂರಿನ ನಾಯಕರ ಆಳ್ವಿಕೆಯ ಕಾಲವದು. ಹುಚ್ಚಪ್ಪದೇವನೆಂಬ ವೀರಶೈವನು ಹಳೇಬೀಡಿನ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಕಂಬದ ಮೇಲಿನ ಒಂದು ಗುರುತು ಮೊದಲಿದ್ದಿತೆ, ಇರಲಿಲ್ಲವೆ, ಅದನ್ನು ಒತ್ತುವ ಹಕ್ಕು ಯಾರದು, ಅಳಿಸುವ ಹಕ್ಕು ಯಾರದು ಎಂಬ ಪ್ರಶ್ನೆ, ಎರಡು ಸಮುದಾಯಗಳ ನಡುವೆ ಎಲ್ಲಿಗೆ ಬೇಕಾದರೂ ಹರಿದುಹೋಗಬಹುದಾಗಿದ್ದಿತು. ಆದರೆ ಜೈನರು ವೀರಶೈವ ಹಿರಿಯರ ಸಭೆಯಾದ ಮಹಾಮಹತ್ತಿನ ಮುಂದೆ ಬಿನ್ನಹ ಮಾಡಿಕೊಂಡರು. ಹಿರಿಯರು ಕೂಡಿ, ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಆ ಬಳಿಕ ಜೈನರು ತಮ್ಮ ಪೂಜೆ, ದೀಪಾರಾಧನೆ, ಅಭಿಷೇಕಾದಿಗಳನ್ನು ಹಿಂದಿನ ಮರ್ಯಾದೆಯಂತೆ ನಡೆಸಿಕೊಂಡು ಬರಬಹುದೆಂದು ತೀರ್ಮಾನಿಸಿದರು. ಜೈನಧರ್ಮಕ್ಕೆ ಅಡ್ಡಿಮಾಡಿದವನು ಮಹಾಮಹತ್ತಿಗೇ ಹೊರಗೆಂದೂ ಕಲ್ಲಿನ ಮೇಲೆ ಕೊರೆಯಿಸಿದರು. ಅಧಿಕಾರ ಯಾರ ಕಡೆಗೆ ಹೆಚ್ಚಿದ್ದಿತೆಂಬುದನ್ನು ಆ ವಿಭೂತಿ ವೀಳ್ಯಗಳ ಕ್ರಮವೇ ಹೇಳುತ್ತದೆ, ನಿಜ; ಆದರೂ ಹಿಂದಿನ ಸ್ಥಿತಿ ಏನೆಂಬುದನ್ನು ಉಭಯರೂ ಒಪ್ಪಿ ಬರೆಯಿಸಿದ ಆ ಕಲ್ಲಿನ ಬೆಲೆ ಕಡಮೆಯಾಗುವುದಿಲ್ಲ.

ಕಲ್ಲು ಎಲ್ಲರಿಗೂ ಎಟಕುವಂಥದಲ್ಲ. ಸಾಮಾನ್ಯರ ಲೆಕ್ಕಕ್ಕೆ ಕಡತವಿದ್ದಿತು: ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಒರಸಿ ಮತ್ತೆ ಬರೆಯಬಹುದಾಗಿದ್ದುದು ಅದರ ಅನುಕೂಲ. ಸಾಕ್ಷ್ಯದ ದೃಷ್ಟಿಯಿಂದ ಅದೇ ಅದರ ಕೊರತೆ. ಆಮೇಲೆ ಛಾಪಾ ಕಾಗದ ಬಂದಿತು.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಪ್ರಕರಣವು, ಬಾಡಿಗೆದಾರನು ಸ್ವತ್ತನ್ನು ಸ್ವಾಧೀನಕ್ಕೆ ಪಡೆದಾಗ ಅದು ಯಾವ ಸ್ಥಿತಿಯಲ್ಲಿದ್ದಿತೋ ಅದೇ ಸುಸ್ಥಿತಿಯಲ್ಲಿ ಹಿಂದಿರುಗಿಸಬೇಕೆಂದು ಹೇಳುತ್ತದೆ. ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೂ ತಡೆಯಲಾಗದ ಶಕ್ತಿಯಿಂದಾದ ಹಾನಿಗೂ ಮಾತ್ರ ವಿನಾಯಿತಿ. ಬಾಡಿಗೆದಾರನ ತಪ್ಪಿನಿಂದಾದ ಕೆಡುಕಿಗೆ ಯಜಮಾನನು ತಿಳಿವಳಿಕೆ ಕೊಟ್ಟರೆ ಮೂರು ತಿಂಗಳೊಳಗೆ ಸರಿಪಡಿಸಬೇಕು. ಹಾಗಾದರೆ ಆ ಮೊದಲ ದಿನದ ಸ್ಥಿತಿ ಯಾವುದು? 1908ರ ನೋಂದಣಿ ಕಾಯಿದೆಯು ಪಟ್ಟಣದ ಮನೆಯನ್ನು ಬೀದಿಯ ಯಾವ ಮಗ್ಗುಲಿನಲ್ಲಿದೆ, ಯಾರು ವಾಸವಿದ್ದರು, ಅದರ ಸಂಖ್ಯೆ ಎಷ್ಟು ಎಂಬುದರಿಂದ ಗುರುತಿಸಲು ಹೇಳುತ್ತದೆಯೇ ಹೊರತು, ಅದರ ತೊಲೆಯನ್ನಾಗಲಿ ಗಾರೆಯನ್ನಾಗಲಿ ವಿಚಾರಿಸುವುದಿಲ್ಲ. ಒಂದು ವರ್ಷವನ್ನು ಮೀರಿದ ಗೇಣಿಗೆ ನೋಂದಣಿ ಕಡ್ಡಾಯವಾದುದರಿಂದ, ನಮ್ಮವರು ಹನ್ನೊಂದು ತಿಂಗಳ ಕರಾರಿಗೇ ಒಗ್ಗಿಕೊಂಡರು. ಅಚ್ಚಾದ ನಮೂನೆಯಲ್ಲಿ ಹೆಸರು, ಮೊಬಲಗು, ತಾರೀಖು ತುಂಬಿದರೆ ಕೆಲಸ ಮುಗಿಯಿತು. 1961ರ ಬಾಡಿಗೆ ನಿಯಂತ್ರಣ ಕಾಯಿದೆಯೂ 1999ರ ಬಾಡಿಗೆ ಕಾಯಿದೆಯೂ ಮುಖ್ಯವಾಗಿ ಬಾಡಿಗೆಯ ಪ್ರಮಾಣವನ್ನೂ ತೆರವನ್ನೂ ಕುರಿತವು. ಚತುಸ್ಸೀಮೆ ಉಳಿಯಿತು, ಖಂಡಸ್ಫುಟಿತ ಬಿಟ್ಟುಹೋಯಿತು.

ಮುಂದಿನ ಮನೆಗೆ ಹೋಗುವಾಗ, ಮನೆಯ ಸ್ಥಿತಿಯನ್ನು ಇಬ್ಬರೂ ಕೂಡಿ ನೋಡಿ ಬರೆದಿಡೋಣವೆಂದು ನಾನು ಹೊಸ ಯಜಮಾನರನ್ನು ಕೇಳಿಕೊಂಡೆನು. ಅವರಿಗೆ ಮೊದಲು ಸ್ವಲ್ಪ ಸಂಕೋಚವಾಯಿತು. ನಂಬಿಕೆ ಸಾಲದೆಂದು ಕೇಳುತ್ತಿರುವನೋ ಎಂಬ ಅನುಮಾನವಿದ್ದಿರಬೇಕು. ಆದರೂ ಬಂದರು. ಹಗಲಿನ ಬೆಳಕಿನಲ್ಲಿ, ನೆರೆಮನೆಯ ಹಿರಿಯರೊಬ್ಬರನ್ನು ಸಾಕ್ಷಿಗೆ ಕರೆದುಕೊಂಡು, ತಲೆಬಾಗಿಲಿನಿಂದ ಬಚ್ಚಲವರೆಗೆ ನಡೆದೆವು. ಅವರ ಮಗ ಒಂದೊಂದರ ಚಿತ್ರವನ್ನೂ ಮೊಬೈಲಿನಲ್ಲಿ ತೆಗೆದನು, ನಾನು ಎರಡು ಹಾಳೆಗಳಲ್ಲಿ ಒಂದೇ ಮಾತನ್ನು ಬರೆಯುತ್ತ ಹೋದೆನು. ಅಡುಗೆಮನೆಯ ಮಾಡಿನಲ್ಲಿ ಹನ್ನೊಂದು ಹೆಂಚು ಒಡೆದಿವೆ. ದೇವರಕೋಣೆಯ ಬಾಗಿಲ ಬಲಗಡೆಯ ತಿರುಗಣಿ ಸಡಿಲ. ನಡುಮನೆಯ ಉತ್ತರದ ಗೋಡೆಯಲ್ಲಿ, ಕಿಟಕಿಯ ಕೆಳಗಿನಿಂದ ನೆಲದವರೆಗೆ, ಒಂದು ಮೊಳ ಬಿರುಕು. ಅದನ್ನು ಬರೆಯುವಾಗ ಯಜಮಾನರು ಬಗ್ಗಿ ನೋಡಿ, "ಒಂದು ಮೊಳವಲ್ಲ, ಒಂದೂವರೆ, ಸರಿಯಾಗಿ ಬರೆಯಿರಿ ಸ್ವಾಮಿ" ಎಂದು ತಾವೇ ತಿದ್ದಿಸಿದರು.