ಮನೆಯೇ ಚಿತ್ರಮಂದಿರವಾದ ಬಗೆ

ಕನ್ನಡದ ಪ್ರಥಮ ವಾಕ್ಚಿತ್ರವಾದ ‘ಸತಿ ಸುಲೋಚನಾ’ 1934ರ ಮಾರ್ಚಿ ತಿಂಗಳಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತೆಂಬುದು ಸರ್ವವಿದಿತವಾದ ಸಂಗತಿ. ಅಂದಿನಿಂದ ಚಲಚ್ಚಿತ್ರಗಳ ಏಳುಬೀಳನ್ನು ಅಳೆಯುವವರು ಸಾಮಾನ್ಯವಾಗಿ ಪಟ್ಟಣದ ಚಿತ್ರಮಂದಿರವನ್ನೇ ಅಳತೆಗೋಲಾಗಿ ಇಟ್ಟುಕೊಂಡು ಬಂದಿದ್ದಾರೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಯ ಮಲೆಗಳಿಗೆ ಮಾತ್ರ ಈ ಅಳತೆ ಪೂರ್ತಿಯಾಗಿ ಸಲ್ಲದು. ಬಿಡದೆ ಸುರಿಯುವ ಮುಂಗಾರಿನಲ್ಲಿಯೂ, ಹಣ್ಣು ಕುಯ್ಯುವ ಸುಗ್ಗಿಯಲ್ಲಿಯೂ ತೋಟದ ಲೈನುಮನೆಯಿಂದ ಪೇಟೆಯ ರಾತ್ರಿಯಾಟಕ್ಕೆ ಹೋಗಿಬರುವುದು ಸುಲಭಸಾಧ್ಯವಾಗಿರಲಿಲ್ಲ. ಇಂತಹ ಸೀಮೆಯ ಬಹುಮಂದಿಗೆ ಚಿತ್ರವೊಂದು ಮನೆಗೆ ಬಂದ ದಿನವೇ ಅದರ ಬಿಡುಗಡೆಯ ದಿನ.

ಜಪಾನಿನಲ್ಲಿ 1976ರಲ್ಲಿ ಹೊರಟ ವಿ.ಎಚ್.ಎಸ್. ಕ್ಯಾಸೆಟ್ಟು, 1982ರ ಏಷ್ಯನ್ ಕ್ರೀಡಾಕೂಟದ ತರುವಾಯ ಟೀವಿಯೊಡನೆ ನಮ್ಮ ದೇಶದಲ್ಲಿ ಹಬ್ಬಿತು. ಊರವರು ಹಣ ಕೂಡಿಸಿ ಟೀವಿಯನ್ನೂ ವಿ.ಸಿ.ಆರ್. ಯಂತ್ರವನ್ನೂ ಒಂದು ರಾತ್ರಿಯ ಮಟ್ಟಿಗೆ ಬಾಡಿಗೆಗೆ ತಂದು, ಬೆಳಗಾಗುವತನಕ ಮೂರು ನಾಲ್ಕು ಚಿತ್ರಗಳನ್ನು ನೋಡುವುದು ಆ ಕಾಲದ ವಾಡಿಕೆ. ವೀಡಿಯೊ ಪ್ರತಿಯ ಮೇಲೆ ತಯಾರಕನ ಹೆಸರು ವಿಳಾಸಗಳೂ ಸೆನ್ಸಾರಿನ ಪ್ರಮಾಣಪತ್ರವೂ ಇರತಕ್ಕದ್ದೆಂದು 1984ರ ಕೃತಿಸ್ವಾಮ್ಯ ತಿದ್ದುಪಡಿಯು ವಿಧಿಸಿತು. ಆದರೂ ಕಳ್ಳಪ್ರತಿಗಳು ನಿಲ್ಲಲಿಲ್ಲ. ಮುಂದೆ 2007ರ ವೇಳೆಗೆ ಮೋಸರ್ ಬೇಯರ್ ಎಂಬ ಕಂಪೆನಿಯು 28 ರೂಪಾಯಿಗೆ ವಿ.ಸಿ.ಡಿ., 34 ರೂಪಾಯಿಗೆ ಡಿ.ವಿ.ಡಿ. ಮಾರಲಾರಂಭಿಸಿ, ನ್ಯಾಯವಾದ ಪ್ರತಿಯನ್ನು ಬಡವನ ಕೈಗೆಟಕಿಸಿತು.

ಕಳ್ಳಪ್ರತಿಯ ಹೊಡೆತವನ್ನು ತಾರಾಮಣಿಗಳ ಚಿತ್ರವು ಹೇಗೋ ತಾಳಿಕೊಂಡೀತು. ಅಲ್ಪವ್ಯಯದ ಸ್ವತಂತ್ರ ಚಿತ್ರವು ತಾಳದು. ಒಂದೆರಡು ಶುಕ್ರವಾರಗಳೊಳಗೆ ಹೊಸ ಚಿತ್ರಗಳಿಗೆ ಎಡೆಬಿಟ್ಟು ಮಂದಿರದಿಂದ ಹೊರಬೀಳಬೇಕಾದ ಅದಕ್ಕೆ ಮನೆಯ ಪ್ರೇಕ್ಷಕನೇ ಗತಿ. ಅವನು ಕೊಡುವ ಕಾಸೂ ನಡುದಾರಿಯಲ್ಲಿ ಕಳುವಾದರೆ ಅಂಥವರಿಂದ ಎರಡನೆಯ ಚಿತ್ರ ಹುಟ್ಟುವುದೆಂತು?

ಈ ತೊಡಕಿಗೆ ಕನ್ನಡದಲ್ಲಿ ಧೈರ್ಯವಾಗಿ ಉತ್ತರವನ್ನರಸಿದ ಕೃತಿ, ಪವನ್ ಕುಮಾರ್ ನಿರ್ದೇಶಿಸಿದ ‘ಲೂಸಿಯಾ’. ನಿರ್ಮಾಪಕರು ದೊರೆಯದೆ, ಅವರು 2012ರಲ್ಲಿ ನೇರವಾಗಿ ಪ್ರೇಕ್ಷಕರ ಮುಂದೆಯೇ ಕೈಯೊಡ್ಡಿದರು. ನೂರಕ್ಕೂ ಮಿಕ್ಕ ಮಂದಿ ಸುಮಾರು 50 ಲಕ್ಷ ರೂಪಾಯಿಗಳನ್ನು ಕೂಡಿಸಿಕೊಟ್ಟರು. ಮಲೆನಾಡಿನದೇ ಆದ ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತ ಸತೀಶ್ ಅದರ ನಾಯಕರು. 2013ರ ಜುಲೈಯಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿಯನ್ನು ಪಡೆದ ಆ ಚಿತ್ರವು ಸೆಪ್ಟೆಂಬರ್ 6ರಂದು ಕರ್ನಾಟಕದಲ್ಲಿ ತೆರೆಕಂಡಿತು. ಹಳೆಯ ಚಿತ್ರಮಂದಿರದ ಕತ್ತಲೆಯಲ್ಲಿ ಟಾರ್ಚು ಹಿಡಿದು ಜನರಿಗೆ ಆಸನ ತೋರುವ, ನಿದ್ರೆ ಬಾರದ ಯುವಕನೊಬ್ಬನ ಕಥೆ ಅದು. ಅಂತಹ ಮಂದಿರದ ಅಳಿವನ್ನು ಚಿಂತಿಸಿದ ಆ ಚಿತ್ರವನ್ನು ಪವನ್ ಕುಮಾರ್ ‘ಹೋಮ್ ಟಾಕೀಸ್’ ಎಂಬ ಅಂತರ್ಜಾಲ ತಾಣದ ಮೂಲಕ ಮನೆಗಳಿಗೆ ಮುಟ್ಟಿಸಿದುದು ಅರ್ಥವತ್ತಾಗಿದೆ. ಮನೆ ಮತ್ತು ಟಾಕೀಸು ಎಂಬೆರಡು ಮಾತುಗಳು ಆ ಹೆಸರಿನಲ್ಲಿ ಹಗೆ ಮರೆತು ಕೂಡಿಕೊಂಡಿವೆ. ಇದಲ್ಲದೆ, ಕಪ್ಪುಬಿಳುಪನ್ನೂ ವರ್ಣವನ್ನೂ ಹೆಣೆದು ಕನಸು ಯಾವುದು ನನಸು ಯಾವುದು ಎಂದು ಕಾಡುವ ಇಂತಹ ಕೃತಿಗೆ ಗೃಹಪ್ರದರ್ಶನದಿಂದ ಬೇರೊಂದು ಲಾಭವೂ ಉಂಟು. ನೋಡುಗನು ಬೇಕಾದಲ್ಲಿ ನಿಲ್ಲಿಸಿ, ಹಿಂದಕ್ಕೆ ಸರಿದು, ಪುಸ್ತಕದ ಪುಟವನ್ನು ಮತ್ತೆ ತಿರುವಿದಂತೆ ಪರಿಶೀಲಿಸಬಲ್ಲನು.

ಈ ವಿಷಯದಲ್ಲಿ ಕಾಫಿಯ ಮಲೆಗಳಿಗೆ ಸ್ವಂತವಾದ ಬಾಧ್ಯತೆಯೂ ಇದೆ. ಮೂಡಿಗೆರೆಯಲ್ಲಿ ನೆಲಸಿ ಕೃಷಿಯನ್ನೂ ಬರವಣಿಗೆಯನ್ನೂ ನಡೆಸಿದ ಪೂರ್ಣಚಂದ್ರ ತೇಜಸ್ವಿಯವರು ‘ಚಿದಂಬರ ರಹಸ್ಯ’, ‘ಜುಗಾರಿ ಕ್ರಾಸ್’ಗಳಲ್ಲಿ ಏಲಕ್ಕಿಯ ಘಾಟನ್ನೂ ಕಾಡಿನ ಕತ್ತಲನ್ನೂ ರಹಸ್ಯಕಥೆಯ ಒಡಲಾಗಿಸಿದರು. ಅವರ ‘ಅಬಚೂರಿನ ಪೋಸ್ಟಾಫೀಸು’ ಎಂಬ ಒಂದೇ ಸಂಕಲನದಿಂದ ನಾಲ್ಕು ಚಿತ್ರಗಳು ಹುಟ್ಟಿದುವು: ಅದೇ ಹೆಸರಿನ ಎನ್. ಲಕ್ಷ್ಮೀನಾರಾಯಣರ ಚಿತ್ರ, ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’, ಹುಡುಗಿಯೊಬ್ಬಳ ಸಾವಿನ ಗುಟ್ಟನ್ನು ಡಾಕ್ಟರನೊಬ್ಬನು ಬೆನ್ನಟ್ಟುವ, ಸದಾನಂದ ಸುವರ್ಣರ ‘ಕುಬಿ ಮತ್ತು ಇಯಾಲ’, ಹಾಗೂ 2023ರ ‘ಡೇರ್‌ಡೆವಿಲ್ ಮುಸ್ತಾಫಾ’. ಕಡೆಯದಕ್ಕೆ ತೇಜಸ್ವಿಯವರ ಓದುಗರೇ ಬಂಡವಾಳವನ್ನು ಕೂಡಿಸಿದರು. ‘ಲೂಸಿಯಾ’ ತುಳಿದ ಹಾದಿ ಮಲೆಯ ಕಥೆಗೂ ಒದಗಿತು.

ಈಗ ಉಳಿದಿರುವ ಪ್ರಶ್ನೆ ಉಳಿವಿನದೇ. ಕೊಂಡ ಬಿಲ್ಲೆಯು ಬೀರುವಿನಲ್ಲಿ ಮನೆಯ ಸೊತ್ತಾಗಿರುತ್ತಿದ್ದಿತು. ತಾಣದಲ್ಲಿ ಕಾಣುವ ಚಿತ್ರವು ಗೇಣಿಯ ಭೂಮಿಯಂತೆ; ಒಡಂಬಡಿಕೆಯ ಅವಧಿ ಮುಗಿದೊಡನೆ ಅದು ಮಾಯವಾಗಬಹುದು. ದೊಡ್ಡ ಚಿತ್ರಕ್ಕೆ ಮತ್ತೊಬ್ಬ ಗುತ್ತಿಗೆದಾರನು ದೊರೆತಾನು. ಸಣ್ಣ ಚಿತ್ರಕ್ಕೆ ಹಾಗೆ ದೊರೆಯುವ ಭರವಸೆಯಿಲ್ಲ. ಆದುದರಿಂದ ಗ್ರಂಥಭಂಡಾರಗಳು ಪುಸ್ತಕಗಳನ್ನು ಕೂಡಿಡುವಂತೆ, ಇಂತಹ ಚಿತ್ರಗಳ ನ್ಯಾಯವಾದ ಪ್ರತಿಗಳನ್ನೂ ಹಕ್ಕುದಾರರ ಒಪ್ಪಿಗೆಯಿಂದ ಕೂಡಿಡುವುದು ಉಚಿತವಾಗಿದೆ. ಮನೆಗೆ ಬಂದ ಅತಿಥಿಯನ್ನು ಊಟಕ್ಕೆ ಮೊದಲೇ ಬೀಳ್ಕೊಡುವುದು ಮಲೆನಾಡಿನ ಸಂಪ್ರದಾಯವಲ್ಲ.